ಬಿಸಿಲು ಬಂಡಿಯ ಸುಂಕ

"ಕೇಳ್ರಪ್ಪೋ ಕೇಳಿ! ಹುಲ್ಲು ಮುಟ್ಟದೆ, ಬಿಸಿಲು ಕುಡಿದು ಓಡುವ ಬಂಡಿಗೆ ಇಂದಿನಿಂದ ನೂರು ವರಹ ಹೆಚ್ಚಿನ ಸುಂಕ! ಒಂದೆತ್ತು, ಅರ್ಧ ಬಿಸಿಲು ಅನ್ನುವ ಬೆರಕೆ ಬಂಡಿಗೆ ಐವತ್ತು! ಕೊಡಲಾರೆ ಅನ್ನುವವನು ಮಹಾರಾಜರ ಮೂರು ಒಗಟು ಬಿಡಿಸಲಿ. ತಪ್ಪಿದರೆ ತಲೆ!"

ಗರಗಸಪುರದ ಸಿಡಿಲಮಲ್ಲ ಮಹಾರಾಜರ ಡಂಗುರ ಇದು. ಆ ತಮಟೆಗೆ ಚರ್ಮ ಕೊಟ್ಟ ಕೋಣವನ್ನು ಎಡಗೈಯಲ್ಲಿ ಹಿಡಿದು ನಿಲ್ಲಿಸಿದವನು ನಾನೇ. ಬಲಗೈಯಲ್ಲಿ ಮಜ್ಜಿಗೆ ಲೋಟವಿತ್ತು. ಆ ರಾಜ್ಯದಲ್ಲಿ ರಸ್ತೆಯ ದುಡ್ಡೆಲ್ಲ ಹುಲ್ಲಿನ ಸುಂಕದಿಂದ ಬರುತ್ತಿತ್ತು. ಹುಲ್ಲು ಕೊಳ್ಳದವನು ಕಳ್ಳ ಎಂದು ದೊರೆಯ ವಾದ.

ಮೊದಲು ಬಂದವನು ಬೆರಕೆ ಬಂಡಿಯ ಜವಳಿ ವ್ಯಾಪಾರಿ ನಂಜಶೆಟ್ಟಿ. ದೊರೆ ಹಲ್ಲು ಕಡಿದು ಕೇಳಿದರು: "ಯಾರೂ ಅಗೆಯದೆ ಹುಟ್ಟಿತು, ಯಾರೂ ಉಣಿಸದೆ ಬೆಳೆಯಿತು. ಮಳೆ ಬಂದರೆ ಮುಖ ಮುಚ್ಚಿ ಮಲಗುತ್ತದೆ. ನೂರು ಜನ ಬಿದ್ದರೂ ಅದು ಯಾರನ್ನೂ ತಳ್ಳಿಲ್ಲ. ಏನದು?"

"ತಮ್ಮ ಕೀರ್ತಿ, ಪ್ರಭು!"

"ನನ್ನ ಕೀರ್ತಿ ಮುಖ ಮುಚ್ಚಿ ಮಲಗುತ್ತದೇನೋ? ಎಳೀರಿ ಇವನನ್ನ!"

ಬಿಸಿಲು ಬಂಡಿ ಇಟ್ಟಿದ್ದ ಆಸ್ಥಾನ ಜೋಯಿಸ ಅದೇ ಒಗಟಿಗೆ "ಗ್ರಹಣ" ಎಂದ. ಅವನನ್ನೂ ಸೆರೆಮನೆಗೆ ತಳ್ಳಿದರು. ಇಬ್ಬರಿಗೂ ಸಂಜೆ ಕತ್ತಿ ಎಂದಾಯಿತು.

ಆಮೇಲೆ ಬಂದವನು ಕುಂಬಾರ ಚೌಡ. ಎತ್ತು ಸತ್ತ ಮೇಲೆ ಅವನಿಗೆ ಉಳಿದದ್ದು ಒಂದು ಮುರುಕಲು ಬಿಸಿಲು ಬಂಡಿ. ನೂರು ವರಹ ಕಟ್ಟಬೇಕಾದರೆ ಅದನ್ನೇ ಮಾರಬೇಕು. ಮಾರಿದರೆ ಮಡಕೆ ಸಂತೆಗೆ ಹೋಗುವುದಿಲ್ಲ.

"ರಸ್ತೆಯ ಗುಂಡಿ, ಬುದ್ಧಿ," ಎಂದ ಚೌಡ. "ವಾರಕ್ಕೆ ಹತ್ತು ಮಡಕೆ ಅದಕ್ಕೇ ಹೋಗ್ತವೆ. ಮಳೆ ನೀರು ತುಂಬಿದರೆ ಕಾಣಿಸೋದೇ ಇಲ್ಲ."

ದೊರೆಯ ಮುಖ ಕಪ್ಪಿಟ್ಟಿತು. "ನೆಲ ಮುಟ್ಟದೆ ಓಡದು, ಆದರೆ ನೆಲದ ಒಂದು ಗರಿಕೆಯನ್ನೂ ಮುಟ್ಟದು. ಯಾವುದು?"

"ನನ್ನ ಬಂಡಿ, ಬುದ್ಧಿ."

"ಒಪ್ಪಿಕೊಂಡೆಯಲ್ಲ, ಪುಕ್ಕಟೆ ಓಡಾಡೋ ನಾಯಿ!"

"ಪುಕ್ಕಟೆ ಬೇಡ. ಎಷ್ಟು ಸವೆಸ್ತೀನೋ ಅಷ್ಟು ಕೊಡ್ತೀನಿ. ನೂರು ಯಾಕೆ?"

"ಬಾಯಿ ಮುಚ್ಚು! ಕೊನೆಯದು. ರಸ್ತೆಯನ್ನು ಎಲ್ಲರಿಗಿಂತ ಹೆಚ್ಚು ಸವೆಸುವವನೂ ಎಲ್ಲರಿಗಿಂತ ಕಡಿಮೆ ಕೊಡುವವನೂ ಒಬ್ಬನೇ. ಯಾರವನು?"

'ನಾನೇ' ಎನ್ನಲಿ ಎಂದು ದೊರೆ ಕಾದರು. ತಲೆ ಕಡಿಯುವ ಆಳು ಕತ್ತಿ ಮಸೆದ.

"ತಾವು," ಎಂದ ಚೌಡ.

ಸಭೆ ಉಸಿರು ಬಿಗಿಹಿಡಿಯಿತು. ನಾನೊಬ್ಬ ಬಿಟ್ಟ ಉಸಿರಿಗೆ ಹನ್ನೆರಡು ದೀಪ ಆರಿದವು.

"ತಮ್ಮ ರಥಕ್ಕೆ ಹದಿನಾರು ಎತ್ತು. ಅವು ತಿನ್ನೋದು ಅರಮನೆ ಹುಲ್ಲುಗಾವಲಿನ ಹುಲ್ಲು, ಅದಕ್ಕೆ ಸುಂಕವಿಲ್ಲ. ನನ್ನ ಮಾತು ಸುಳ್ಳಾದರೆ ತಲೆ ತೆಗೀರಿ. ಮೊದಲು ಆಚೆ ಬಂದು ಗಾಲಿ ಜಾಡು ಅಳೀರಿ."

ಮಂತ್ರಿ ಆ ಆಳಿನ ಕತ್ತಿಯನ್ನೇ ಅಳತೆಗೋಲು ಮಾಡಿಕೊಂಡ. ಬಿಸಿಲು ಬಂಡಿಯ ಜಾಡಿನಲ್ಲಿ ಅದು ಒಂದು ಬೆರಳು ಇಳಿಯಿತು. ರಥದ ಜಾಡಿನಲ್ಲಿ ಹಿಡಿಯವರೆಗೆ ಮುಳುಗಿತು. ಊರೆಲ್ಲ ನೋಡುತ್ತಿತ್ತು, ಕೊಟ್ಟ ಮಾತು ನುಂಗುವಂತಿರಲಿಲ್ಲ.

"ಹಾಳಾಗಿ ಹೋಗು! ಹೆಚ್ಚಿನ ಸುಂಕ ರದ್ದು. ಯಾವ ಬಂಡಿಯಾದರೂ ಭಾರಕ್ಕೆ ತಕ್ಕ ಸುಂಕ," ಎಂದು ದೊರೆ ಗುಡುಗಿದರು. ಸೆರೆಯಲ್ಲಿದ್ದ ಇಬ್ಬರನ್ನೂ ಬಿಡಿಸಿ, ಚೌಡನನ್ನು ಸುಂಕದ ಕಟ್ಟೆಯ ಅಧಿಕಾರಿ ಮಾಡಿದರು.

ಮರುದಿನ ಬೆಳಿಗ್ಗೆ ಮೊದಲು ಬಂದದ್ದು ಹದಿನಾರೆತ್ತಿನ ರಥ. ಚೌಡ ಅಡ್ಡಗೋಲು ಹಾಕಿದ. "ಮುನ್ನೂರು ವರಹ, ಬುದ್ಧಿ."

ದೊರೆ ಅವನನ್ನು ಸುಡುವಂತೆ ನೋಡಿದರು. ರಥವನ್ನು ನೋಡಿದರು. ಕೆಳಗಿಳಿದು, ಪಾದರಕ್ಷೆ ಬಿಗಿ ಮಾಡಿಕೊಂಡರು.

"ನಡೆಯುವವರಿಗೆ ಏನೂ ಇಲ್ಲ ಬುದ್ಧಿ," ಎಂದು ಚೌಡ ಅಡ್ಡಗೋಲು ಎತ್ತಿ ಹಿಡಿದ. "ದಯಮಾಡಿಸಿ."