ಅವರೆ ಬಳ್ಳಿಯ ಮೂರು ಜಾತಿ

ಒಂದಾನೊಂದು ಕಾಲದಲ್ಲಿ, ಅವರೆ ಬಳ್ಳಿಯ ಮೇಲೆ ಮೂರು ಜಾತಿ ತಿಗಣೆ ಇರುತ್ತವೆ ಅಂತ ಎಲ್ಲರೂ ನಂಬಿದ್ದರಂತೆ. ಹಾಸಿಗೆ ತಿಗಣೆ ಅಲ್ಲ ಮಗಾ, ಕಾಲು ಮಡಚ್ಕೋಬೇಡ. ಇದು ಗಿಡದ ತಿಗಣೆ. ಅದು ನಮ್ಮ ರಕ್ತ ಹೀರುತ್ತೆ, ಇದು ಗಿಡದ ರಸ ಹೀರುತ್ತೆ, ಎರಡಕ್ಕೂ ಸೂಜಿ ಹಾಗಿರೋ ಮೂತಿ, ದೂರದ ನೆಂಟರು. ಮೂರು ಜಾತಿ ಯಾವ್ಯಾವುದು ಅಂದ್ರೆ, ಮೊದಲನೇದು ಕೆಂಪಗೆ, ಸಾಸಿವೆಯಷ್ಟು, ರೆಕ್ಕೆ ಇಲ್ಲ. ಅದು ಕಳ್ಳರ ಜಾತಿ. ಎರಡನೇದು ಕಂದು, ಇನ್ನೊಂಚೂರು ದೊಡ್ಡದು, ಬೆನ್ನ ಮೇಲೆ ಮೋಟು ರೆಕ್ಕೆ. ಅದು ದೇವಲೋಕದಲ್ಲಿ ಏನೋ ತಪ್ಪು ಮಾಡಿ ರೆಕ್ಕೆ ಕತ್ತರಿಸಿಕೊಂಡು ಬಿದ್ದ ಶಾಪದ ಜಾತಿ. ಮೂರನೇದು ಹಸಿರು, ಜೀರಿಗೆಯಷ್ಟುದ್ದ, ತುಂಬು ರೆಕ್ಕೆ, ಹಾರುತ್ತೆ. ಅದು ದೇವರ ಜಾತಿ. ಯಾರು ಹೇಳಿದ್ದು ಅಂತ ಕೇಳಬೇಡ. ರೆಕ್ಕೆ ಇದ್ದವರನ್ನ ಕಂಡ್ರೆ ಜನ ವಿಚಾರಿಸದೆ ಕೈ ಮುಗೀತಾರೆ.

ಆ ಊರಿಗೆ ಒಬ್ಬ ರಾಜ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ, ಚಳಿಗಾಲದಲ್ಲಿ ಹಿತಕಿದ ಅವರೆಬೇಳೆ ಸಾರು ಒಂದಿದ್ರೆ ಸಾಕು. ಆ ಸಾರಿಗೆ ಬೇಳೆ ಹಿತಕಿ ಕೊಡೋಳು ಚಿಕ್ಕತಾಯಿ. ಅವರೆಕಾಳನ್ನ ನೀರಲ್ಲಿ ನೆನೆಹಾಕಿ, ಎರಡು ಬೆರಳ ಮಧ್ಯೆ ಒತ್ತಿದ್ರೆ ಬೇಳೆ ಪುಳಕ್ಕನೆ ಆಚೆ, ಸಿಪ್ಪೆ ಬೆರಳಲ್ಲೇ. ಹಾಗೆ ಹಿತಕಿ ಹಿತಕಿ ಅವಳ ಹೆಬ್ಬೆರಳ ಉಗುರು ಸವೆದುಹೋಗಿತ್ತಂತೆ. ಅವಳಿಗೆ ಅಂತ ಇದ್ದದ್ದು ಒಂದು ಗುಡಿಸಲು, ಹಿತ್ತಲಲ್ಲಿ ಒಂದು ಚಪ್ಪರದವರೆ ಬಳ್ಳಿ. ಅರಮನೆಯಲ್ಲಿ ಕೆಲಸ ವರ್ಷಕ್ಕೆ ಮೂರು ತಿಂಗಳು. ಮಿಕ್ಕ ಒಂಬತ್ತು ತಿಂಗಳು ಅವಳನ್ನ ಸಾಕ್ತಿದ್ದದ್ದು ಆ ಬಳ್ಳಿ.

ಒಂದು ವರ್ಷ ಊರಿನ ಅವರೆಯೆಲ್ಲ ಕೆಟ್ಟಿತು. ಕಾಯಿ ಮೇಲೆ ತಿಗಣೆ ಚುಚ್ಚಿದ ಚುಕ್ಕೆ, ಒಳಗೆ ಕಾಳು ಜೊಳ್ಳು. ರಾಜನ ಸಾರಿನಲ್ಲಿ ನೀರೇ ಜಾಸ್ತಿ. ರಾಜ ಎರಡು ದಿನ ಮುನಿಸಿಕೊಂಡಿದ್ದು, ಆಮೇಲೆ ಹುಳದ ಶಾಸ್ತ್ರ ಓದಿದ್ದೀವಿ ಅಂತ ಹೇಳಿಕೊಳ್ತಿದ್ದ ಅಣ್ಣತಮ್ಮಂದಿರು ಮೂವರನ್ನ ಕರೆಸಿ, ತಿಗಣೆ ಪಾರುಪತ್ತೇಗಾರರು ಅಂತ ನೇಮಿಸಿದನಂತೆ. ದೊಡ್ಡವನಿಗೆ ಕಳ್ಳರ ಜಾತಿ. ಹಿಡಿದು ನೀರಿಗೆ ಹಾಕೋದು ಅವನ ಕೆಲಸ. ನಡುವಿನವನಿಗೆ ಶಾಪದ ಜಾತಿ. ತೀರ್ಥ ಚಿಮುಕಿಸಿ ಬುದ್ಧಿ ಹೇಳಿ ಬಿಡೋದು. ಕಿರಿಯವನಿಗೆ ದೇವರ ಜಾತಿ. ಬೆಲ್ಲದ ನೀರು ಇಟ್ಟು ಕೈ ಮುಗಿಯೋದು. ಅವರು ಹತ್ತಿ, ತೊಗರಿ, ಸೌತೆ ಎಲ್ಲ ಹೊಲಕ್ಕೂ ಹೋಗಿ, ಹೀಗೇ ಮೂರುಮೂರು ಮಾಡಿ, ರಾಜ್ಯದಲ್ಲಿ ಅರವತ್ತಮೂರು ಜಾತಿ ತಿಗಣೆ ಇದೆ ಅಂತ ಓಲೆ ಬರೆದು ಒಪ್ಪಿಸಿದರಂತೆ. ರಾಜನಿಗೆ ಓಲೆಯ ಉದ್ದ ಹಿಡಿಸಿತು. ಯಾರ ಬಳ್ಳಿಯಲ್ಲಿ ಕಳ್ಳ ಜಾತಿ ಕಾಣುತ್ತೋ ಅವರು ಲೆಕ್ಕಕ್ಕೆ ಸರಿಯಾಗಿ ಒಪ್ಪಿಸಬೇಕು, ಒಪ್ಪಿಸದಿದ್ರೆ ಮೂರನೇ ಸಲ ಬಳ್ಳಿಯ ಬುಡ ಕಡಿಯೋದು ಅಂತ ಡಂಗುರ ಹೊಡೆಸಿದ.

ಮೊದಲ ಸಲ ದೊಡ್ಡವನು ಚಿಕ್ಕತಾಯಿ ಹಿತ್ತಲಿಗೆ ಬಂದ. ಎಲೆ ಮಗುಚಿ ನೋಡಿದ, ನಲವತ್ತೆರಡು ಕಳ್ಳರು. ಏನಮ್ಮಾ, ಇಷ್ಟು ಜನಕ್ಕೆ ಆಶ್ರಯ ಕೊಟ್ಟಿದ್ದೀಯಲ್ಲ ಅಂದ. ನಾನು ಕರೆದಿಲ್ಲ ಬುದ್ಧಿ, ಬಂದಿದ್ದಾವೆ ಅಂದಳು ಚಿಕ್ಕತಾಯಿ. ಹತ್ತು ದಿನದಲ್ಲಿ ನಲವತ್ತೆರಡನ್ನೂ ಒಪ್ಪಿಸಬೇಕು ಅಂತ ಹೇಳಿ ಹೋದನಂತೆ. ಒಪ್ಪಿಸೋಕೆ ಅವಳಿಗೆ ಹೊತ್ತೆಲ್ಲಿ? ಅರಮನೆಗೆ ರಾಣಿಯ ತವರಿನವರು ಬಂದು ಕೂತಿದ್ದರು, ಎಲ್ಲರಿಗೂ ಅದೇ ಸಾರು. ಬೆಳಗಿಂದ ಬೈಗಿನ ತನಕ ಹಿತಕೋದೇ ಆಯ್ತು.

ಎರಡನೇ ಸಲ ದೊಡ್ಡವನ ಜೊತೆ ನಡುವಿನವನೂ ಬಂದ. ಬಂದು ನೋಡ್ತಾರೆ, ಬಳ್ಳಿ ಮೇಲೆ ಒಂದೂ ಕೆಂಪಿಲ್ಲ, ಎಲ್ಲಾ ಕಂದು. ನಡುವಿನವನಿಗೆ ಹಬ್ಬ. ಅಣ್ಣಾ ಇವು ನನ್ನವು, ನೀನು ಮುಟ್ಟಬೇಡ ಅಂತ ತೀರ್ಥದ ಗಿಂಡಿ ತೆಗೆದ. ದೊಡ್ಡವನ ಮುಖ ಸಣ್ಣಗಾಯ್ತು. ನನ್ನ ನಲವತ್ತೆರಡು ಎಲ್ಲಮ್ಮಾ ಅಂತ ಕೇಳಿದ. ಆಮೇಲೆ ಎಲೆಯ ಅಡಿ ಅಂಟಿಕೊಂಡಿದ್ದ ಕೆಂಪು ಕೆಂಪು ಚೂರನ್ನೆಲ್ಲ ಮೊರಕ್ಕೆ ಉದುರಿಸಿಕೊಂಡು, ಓ ಇಲ್ಲಿವೆ ಹೆಣಗಳು, ಒಪ್ಪಿಸೋ ಬದಲು ನೀನೇ ಕೊಂದಿದ್ದೀಯಾ ಅಂದ.

ಚಿಕ್ಕತಾಯಿ ಒಂದನ್ನ ಎತ್ತಿ ಹೆಬ್ಬೆರಳ ಮೇಲೆ ಇಟ್ಟುಕೊಂಡಳು. ಹಗುರ. ಬೆನ್ನ ಮೇಲೆ ಉದ್ದಕ್ಕೆ ಒಂದು ಸೀಳು. ಒಳಗೆ ಏನೂ ಇಲ್ಲ. ಹಿತಕಿದ ಮೇಲೆ ಉಳಿದ ಇಂಥದ್ದನ್ನ ಅವಳು ದಿನಾ ಮೂರು ಮೊರ ಅರಮನೆ ಎಮ್ಮೆಗೆ ಹಾಕ್ತಿದ್ದಳು. ಇದು ಹೆಣ ಅಲ್ಲ ಬುದ್ಧಿ, ಸಿಪ್ಪೆ, ಒಳಗಿನದು ಆಚೆ ಹೋಗಿದೆ ಅಂದಳು. ಎಲ್ಲಿಗೆ ಹೋಯ್ತು ಅಂದ ದೊಡ್ಡವನು. ಅವಳು ಬಳ್ಳಿ ಮೇಲಿನ ಕಂದು ತಿಗಣೆ ಕಡೆ ನೋಡಿದಳು. ದೊಡ್ಡವನು ನಕ್ಕ. ಹಿತಕಿದ್ರೆ ಬೇಳೆ ಸಿಪ್ಪೆಗಿಂತ ಸಣ್ಣದಾಗಿ ಬರುತ್ತೋ ದೊಡ್ಡದಾಗಿ ಬರುತ್ತೋ, ಇಷ್ಟೂ ತಿಳೀದೆ ಅರಮನೆ ಅಡುಗೆ ಮನೇಲಿ ಏನು ಮಾಡ್ತೀಯಮ್ಮಾ ಅಂದ. ಹೋದ ವರ್ಷದ ಅಂಗಿ ಈ ವರ್ಷ ಮಕ್ಕಳಿಗೆ ಯಾಕೆ ಬಿಗಿಯಾಗುತ್ತೆ ಬುದ್ಧಿ ಅಂತ ಅವಳು ಕೇಳಿದಳಂತೆ. ದೊಡ್ಡವನು ಎದ್ದು ನಿಂತ. ಎದುರು ಮಾತಾಡ್ತೀಯಾ, ಇನ್ನು ಹತ್ತು ದಿನ, ಆಮೇಲೆ ಕೊಡಲಿ ತರ್ತೀನಿ ಅಂತ ಹೇಳಿ ಹೊರಟ.

ಚಿಕ್ಕತಾಯಿ ದಿನಾ ಬೆಳಗ್ಗೆ ಕೆಲಸಕ್ಕೆ ಹೋಗೋ ಮುಂಚೆ ಚಪ್ಪರದ ಕೆಳಗೆ ಕುಕ್ಕರುಗಾಲಲ್ಲಿ ಕೂತು ನೋಡ್ತಿದ್ದಳಂತೆ. ಒಂದು ದಿನ ಏನೂ ಇಲ್ಲ, ಎರಡು ದಿನ ಏನೂ ಇಲ್ಲ. ಎಂಟನೇ ದಿನ ಒಂದು ಕಂದು ತಿಗಣೆ ದಂಟಿಗೆ ಕಾಲೂರಿ ತಲೆಕೆಳಗಾಗಿ ನಿಂತಿತು. ಬೆನ್ನು ಸೀಳಿತು. ಒಳಗಿಂದ ಎಳೆ ಹಸಿರಿನದು ಮೆಲ್ಲಗೆ, ಯಾರೋ ಹಿತಕಿದಂಗೆ, ಆಚೆ ಬಂತು. ಬೆನ್ನಿಗೆ ಒದ್ದೆ ಬಟ್ಟೆ ಹಾಗೆ ಮುದ್ದೆಯಾಗಿದ್ದ ರೆಕ್ಕೆ. ಅದು ಹಿಗ್ಗಿ ಹಿಗ್ಗಿ ಚಪ್ಪಟೆಯಾಯ್ತು. ಚಿಕ್ಕತಾಯಿ ಒಬ್ಬಳೇ ನಕ್ಕಳಂತೆ. ಆಮೇಲೆ ಕಂದು ತಿಗಣೆ ಕೂತಿದ್ದ ಒಂದು ಕುಡಿ ಮುರಿದುಕೊಂಡು ಸೀದಾ ಆಸ್ಥಾನಕ್ಕೆ ನಡೆದಳು.

ಆಸ್ಥಾನದಲ್ಲಿ ಎಲ್ಲರೂ ಬಗ್ಗಿ ನೋಡಿದರು. ಕಂದು ಸೀಳಿತು, ಹಸಿರು ಬಂತು. ರಾಜ ಬಾಯಿ ಚಪ್ಪರಿಸಿ, ಥೇಟು ಹಿತಕಿದ ಬೇಳೆ ಅಂದನಂತೆ. ಇನ್ನೇನು ನನ್ನ ಬಳ್ಳಿ ಉಳೀತು ಅಂದುಕೊಂಡಳು ಚಿಕ್ಕತಾಯಿ. ಅಷ್ಟರಲ್ಲಿ ನಡುವಿನವನು ಎದ್ದು ನಿಂತು, ನೋಡಿದ್ರಾ ಮಹಾಸ್ವಾಮಿ, ನನ್ನ ತೀರ್ಥಕ್ಕೆ ಶಾಪ ವಿಮೋಚನೆ ಆಯ್ತು, ಬಿದ್ದದ್ದು ಎದ್ದು ದೇವರಾಯ್ತು ಅಂದುಬಿಟ್ಟ. ಆಸ್ಥಾನವೆಲ್ಲ ಹೌದು ಹೌದು ಅಂತು. ಕಣ್ಣಿಗೆ ಕಂಡದ್ದನ್ನೂ ತಮಗೆ ಬೇಕಾದ ಹಾಗೆ ಕಾಣೋಕೆ ಓದಿರಬೇಕು ಮಗಾ. ರಾಜನೂ ಕೈ ಮುಗಿದ. ಕಿರಿಯವನು ಮುಂದೆ ಬಂದು, ಪವಾಡ ನಡೆದ ಬಳ್ಳಿ ಅದು, ಸುತ್ತ ಬೇಲಿ ಹಾಕಿಸಿ, ಇನ್ನು ಯಾರೂ ಒಂದು ಕಾಯಿ ಕೀಳಕೂಡದು ಅಂದನಂತೆ.

ಕಡಿಸಿದ್ರೂ ಹೋಯ್ತು, ಪೂಜೆ ಮಾಡಿಸಿದ್ರೂ ಹೋಯ್ತು. ಚಿಕ್ಕತಾಯಿ ಬಳ್ಳಿಗೆ ಬೇಲಿ ಬಿತ್ತು. ಅವಳು ಬೇಲಿ ಆಚೆ ನಿಂತು ತನ್ನ ಕಾಯಿ ತಾನೇ ನೋಡಬೇಕಾಯ್ತು.

ಮಾರನೇ ದಿನ ಮತ್ತೆ ಆಸ್ಥಾನಕ್ಕೆ ಹೋಗಿ, ಬುದ್ಧಿ, ನನಗೆ ಒಂದೇ ಒಂದು ದೇವರನ್ನ ಕೊಡಿಸಿ, ನಿಮ್ಮ ಕಣ್ಣೆದುರೇ ಇಟ್ಟುಕೊಳ್ತೀನಿ ಅಂದಳು. ರಾಜನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಹೊಸ ಮಡಕೆಯಲ್ಲಿ, ಆಸ್ಥಾನದೊಳಗೇ ಬೀಜ ಹಾಕಿ, ಯಾವ ಹುಳವೂ ಮುಟ್ಟದ ಹಾಗೆ ಅವರೆ ಸಸಿ ಬೆಳೆಸಿದರು. ಕಿರಿಯವನೇ ಕೈಯಾರೆ ಹೊಟ್ಟೆ ದುಂಡಗಿದ್ದ ಒಂದು ದೇವರನ್ನ ಆರಿಸಿ ಬಿಟ್ಟ. ಮೇಲೆ ತೆಳು ಬಟ್ಟೆ ಕಟ್ಟಿ ಅರಗಿನ ಮುದ್ರೆ ಒತ್ತಿ, ಸಿಂಹಾಸನದ ಪಕ್ಕದಲ್ಲೇ ಇಟ್ಟರು. ದೇವರು ಮೊದಲನೇ ದಿನವೇ ಸಸಿಗೆ ಸೂಜಿ ಚುಚ್ಚಿ ಕೂತಿತು. ಎಲೆ ಮುದುಡಿತು. ದೇವರು ಪ್ರಸಾದ ತಗೊಳ್ತಿದೆ ಅಂದ ಕಿರಿಯವನು. ರಾಜ ಮುದುಡಿದ ಎಲೆ ನೋಡಿ ಹೂಂ ಅಂದ, ಆದ್ರೆ ಜೋರಾಗಿ ಅನ್ನಲಿಲ್ಲ. ವಾರಕ್ಕೆ ದೇವರು ತೀರಿಕೊಂಡಿತು. ಕಿರಿಯವನು ಸ್ನಾನ ಮಾಡಿ ಬಂದ. ಹನ್ನೊಂದನೇ ದಿನ ಊಟಕ್ಕೆ ಮುಂಚೆ ರಾಜ ಸುಮ್ಮನೆ ಬಗ್ಗಿ ನೋಡ್ತಾನೆ, ಬಟ್ಟೆಯೊಳಗೆ ಸಸಿ ತುಂಬ ಕೆಂಪು ಕೆಂಪು ಕಳ್ಳರು.

ಇವರನ್ನ ಒಳಗೆ ಬಿಟ್ಟವರು ಯಾರು ಅಂತ ರಾಜ ಕೇಳಿದ. ನಾನಲ್ಲ ಅಂದ ದೊಡ್ಡವನು. ನಾನೂ ಅಲ್ಲ ಅಂದ ನಡುವಿನವನು. ಮುದ್ರೆ ಒಡೆದಿಲ್ಲ ಮಹಾಸ್ವಾಮಿ ಅಂದ ಕಿರಿಯವನು, ಅಂದಮೇಲೆ ತಾನೇ ಮುದ್ರೆಯನ್ನ ಇನ್ನೊಂದು ಸಲ ಮುಟ್ಟಿ ನೋಡಿದ. ಎಲ್ಲರೂ ಚಿಕ್ಕತಾಯಿ ಕಡೆ ತಿರುಗಿದರು. ಅವಳು ಸಸಿಯ ಕಾಂಡ ಉಗುರಲ್ಲಿ ಸೀಳಿ, ಒಳಗೆ ಹುದುಗಿದ್ದ ಸಣ್ಣ ಸಣ್ಣ ಒಡೆದ ಮೊಟ್ಟೆ ತೋರಿಸಿದಳಂತೆ. ದೇವರೇ ಇಟ್ಟು ಹೋಗಿದ್ದು ಬುದ್ಧಿ. ದೊಡ್ಡಯ್ಯನವರು ಇವನ್ನ ಹಿಡಿದು ಮುಳುಗಿಸ್ತಾ ಇದ್ದರು, ಚಿಕ್ಕಯ್ಯನವರು ಬೆಲ್ಲದ ನೀರು ಕೊಟ್ಟು ಇವರ ಅವ್ವನನ್ನ ಸಾಕ್ತಾ ಇದ್ದರು. ಅದಕ್ಕೇ ಅವರೆ ಮುಗೀತು, ತಿಗಣೆ ಮುಗೀಲಿಲ್ಲ.

ರಾಜ ಇನ್ನೊಂದು ಸಲ ಸಸಿಗೆ ಬಗ್ಗಿ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ, ರಾಣಿ ನಕ್ಕಳು, ತವರಿನವರೂ ನಕ್ಕರು. ಅವತ್ತೇ ಬೇಲಿ ಕಿತ್ತರು. ಬೆಳಗ್ಗೆ ಇಬ್ಬನಿಗೆ ರೆಕ್ಕೆ ನೆಂದು ಹಾರಲಾಗದೆ ಇದ್ದಾಗ ಬಳ್ಳಿ ಒದರಿ, ಕೆಂಪು ಕಂದು ಹಸಿರು ಅನ್ನದೆ ಎಲ್ಲವನ್ನೂ ಬೂದಿ ನೀರಿಗೆ ಹಾಕೋದು ಅಂತ ಆಯ್ತು. ಒದರೋರು ಯಾರು? ಅದೇ ಅಣ್ಣತಮ್ಮಂದಿರು ಮೂವರು.

ಉದ್ದನೆ ಓಲೆಯನ್ನ ರಾಜ ಚಿಕ್ಕತಾಯಿ ಕೈಗೇ ಕೊಟ್ಟ. ಅವಳು ಒಂದೊಂದನ್ನೂ ಮಡಕೆಯಲ್ಲಿ ಮೊಟ್ಟೆಯಿಂದ ಸಾಕಿ ನೋಡಿದಳಂತೆ. ಅರವತ್ತಮೂರು ಇಪ್ಪತ್ತೊಂದಕ್ಕೆ ಇಳೀತು, ಆಮೇಲೆ ಎರಡು ಏರಿತು. ಇರುವೆ ಅಂತ ಬಿಟ್ಟಿದ್ದರಲ್ಲಿ ಒಂದಕ್ಕೆ ಸೂಜಿ ಮೂತಿ ಇತ್ತು. ಅದು ಇರುವೆ ವೇಷದ ತಿಗಣೆ, ಇರುವೆ ಸಾಲಲ್ಲೇ ಗತ್ತಿನಿಂದ ಓಡಾಡ್ತಿತ್ತು. ಇನ್ನೊಂದು ಗಿಡದ ರಸ ಮುಟ್ಟದೆ, ಬಳ್ಳಿಗೆ ಹತ್ತೋ ಕರಿಹೇನನ್ನೇ ಹೀರಿ ಬದುಕ್ತಿತ್ತು. ಅದನ್ನ ಅವಳು ವಾಪಸ್ಸು ಬಳ್ಳಿ ಮೇಲೆ ಬಿಟ್ಟಳು. ಕೈ ಮುಗೀಲಿಲ್ಲ, ಕೆಲಸ ಮಾಡ್ಕೊಂಡು ಇರಲಿ ಅಂತ.

ಮುಂದಿನ ಚಳಿಗಾಲಕ್ಕೆ ಕಾಯಿ ಬೆರಳು ದಪ್ಪ ತುಂಬಿಕೊಂಡಿತು. ಮೂವರನ್ನೂ ಕೂರಿಸಿ ಹಿತಕೋಕೆ ಹಚ್ಚಿದರಂತೆ. ದೊಡ್ಡವನು ಒತ್ತಿದ ಬೇಳೆ ಹಾರಿ ರಾಜನ ಹಣೆಗೆ ಬಿತ್ತು. ರಾಜ ಅದನ್ನೂ ತಿಂದ. ಚಿಕ್ಕತಾಯಿ ಆ ವರ್ಷ ಸಾರು ಬಡಿಸಲಿಲ್ಲ, ಪಂಕ್ತಿಯಲ್ಲಿ ಕೂತು ಉಂಡಳು. ಹೀಗೆ ಕತೆ ಮುಗಿದು ಹೊದ್ದುಕೊಂಡಿತು, ನೀನೂ ಹೊದ್ದುಕೋ.

ಹಂಗಾದ್ರೆ ಕಳ್ಳರು ಯಾರೂ ಇರಲಿಲ್ವಾ ಅಂತೀಯಾ? ಮೂರೂ ಒಂದೇ ಜಾತಿ ಮಗಾ, ಮರಿಗೆ ರೆಕ್ಕೆ ಇರೋದಿಲ್ಲ, ಅಷ್ಟೆ.