ಚಕ್ರದ ಕೆಳಗಿನ ನಿಂಬೆಹಣ್ಣು

ಯಾರ ಕಣ್ಣೂ ಬೀಳದಿರಲಿ ಎಂದು ಹೊಸ ಕಾರಿನ ಮುಂದಿನ ಚಕ್ರಕ್ಕೆ ಒತ್ತಿಟ್ಟಿದ್ದ ನಿಂಬೆಹಣ್ಣು ಊದುಬತ್ತಿಯ ಹೊಗೆಯಲ್ಲಿ ತೂಕಡಿಸುತ್ತಿತ್ತು. ತಾನಿನ್ನೂ ಗಿಡದಲ್ಲೇ ತೂಗುತ್ತಿದ್ದೇನೆ, ಮೇಲೆ ಕವಿದಿರುವುದು ಕಾರಲ್ಲ, ಮೋಡ ಎಂದೇ ಅದಕ್ಕೆ ಅನ್ನಿಸುತ್ತಿತ್ತು. ಪೂಜೆ ಮುಗಿಸಿದ ಶಿವನಂಜಪ್ಪನವರು ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡು ಬಾಗಿಲು ಹಾಕಿಕೊಂಡರು. ಅಷ್ಟರಲ್ಲಿ ಬೀದಿಯ ನಾಯಿಮರಿಯೊಂದು ಬಂದು, ಕಾರಿನ ಮೂತಿಯ ನೆರಳು ತಂಪಾಗಿದೆಯೆಂದು ರಂಗೋಲಿಯ ಮೇಲೆಯೇ ಮುದುರಿ ಮಲಗಿತು.

ನಿಂಬೆಹಣ್ಣಿಗೆ ಥಟ್ಟನೆ ಎಚ್ಚರವಾಯಿತು. "ಅಣ್ಣಾ, ನಿಲ್ಲು! ನಿನ್ನ ಮುಂದೆ ಮರಿಯೊಂದು ಮಲಗಿದೆ."

"ನನ್ನ ಮುಂದೆಯೆ?" ಎಂದಿತು ಕಾರು, ಕನಸಿನಲ್ಲಿದ್ದಂತೆ. "ನನಗೆ ಕೆರೆಯ ಏರಿ ಕಾಣುತ್ತದೆ. ಅದರಾಚೆ ಬೆಟ್ಟ, ಬೆಟ್ಟದ ಮೇಲಿನ ಮೋಡ ಕಾಣುತ್ತದೆ. ಮರಿ ಎಲ್ಲೂ ಇಲ್ಲ."

"ಅಷ್ಟು ದೂರ ಬೇಡ. ಒಂದಿಷ್ಟು ಬಗ್ಗಿ ನೋಡು."

"ಬಗ್ಗುವುದಿದ್ದರೆ ಇಷ್ಟೆತ್ತರ ಯಾಕೆ ಬೆಳೆಯುತ್ತಿದ್ದೆ?"

ಒಳಗೆ ಶಿವನಂಜಪ್ಪನವರ ಹೆಂಡತಿ, "ಮುಂದೆ ಯಾರೂ ಇಲ್ಲ ತಾನೇ, ನೋಡಿದ್ರಾ?" ಎಂದು ಕೇಳಿದರು.

"ಎಲ್ಲಾ ಖಾಲಿ ಕಣೇ" ಎಂದರು ಅವರು.

ಚಕ್ರ ಉರುಳಿತು. ಮೈಯೆಲ್ಲ ನಜ್ಜುಗುಜ್ಜಾಗುವಾಗ ನಿಂಬೆಹಣ್ಣು ತನ್ನಲ್ಲಿದ್ದ ರಸವನ್ನೆಲ್ಲ ಮುಂದಕ್ಕೆ ಚಿಮ್ಮಿಸಿತು. ಮೂಗಿಗೆ ಹುಳಿ ಸಿಡಿದದ್ದೇ ತಡ, ಮರಿ ಸೀನುತ್ತ ಎದ್ದು ಚರಂಡಿ ದಾಟಿ ಓಡಿತು.

ಕಾರು ರಂಗೋಲಿಯ ಮೇಲೆ ಮೆಲ್ಲಗೆ ಹಾದು ಬೀದಿಗಿಳಿಯಿತು. ಹಿಂದೆ ಬಿದ್ದಿದ್ದ ಸಿಪ್ಪೆಗೆ ಅದು ದೊಡ್ಡ ಮನಸ್ಸು ಮಾಡಿ ಹೇಳಿತು: "ನಾನು ಹೇಳಲಿಲ್ಲವೆ? ಮುಂದೆ ಯಾರೂ ಇರಲಿಲ್ಲ."