ಮೂಲೆಯಲ್ಲಿ ಇಲ್ಲದ ಟವೆಲ್

“ನಿನ್ನೆ ಅಷ್ಟು ಜನರ ಮುಂದೆ ‘ಸಾಕು, ಇಳಿ’ ಎಂದಿರಲ್ಲ ಗುರುಗಳೇ, ನನ್ನಿಂದಾದ ತಪ್ಪೇನು?” ಎಂದು ಮುರಿಗೆಯ್ಯ ಕೇಳಿದ.

ಅವನು ಮಠದ ಶಿಷ್ಯ. ಪ್ರವಚನಕ್ಕೆ ಕೂತರೆ ಜನ ಕದಲುತ್ತಿರಲಿಲ್ಲ. ನಿನ್ನೆ ಮಾತಿನ ಭರದಲ್ಲಿ, ಕಾಣದ್ದನ್ನು ಕಂಡೆನೆಂದು ಹೇಳತೊಡಗಿದ್ದ. ಗುರುಗಳು ನಡುವೆಯೇ ತಡೆದಿದ್ದರು. ಇವತ್ತು ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದಿದ್ದ. ಪಕ್ಕದ ಊರಿನ ಭಕ್ತರು ಅವನಿಗಾಗಿ ಬೇರೆ ಪೀಠ ಹಾಕಿ ಕರೆದಿದ್ದರು.

“ಹೋಗುವವನನ್ನು ನಾನು ತಡೆಯುವವನಲ್ಲ ತಮ್ಮಾ,” ಎಂದರು ಗುರುಗಳು. “ಗಂಟು ಕೆಳಗಿಡು. ಹೊತ್ತುಕೊಂಡು ಕೇಳುವಷ್ಟು ಚಿಕ್ಕ ಕತೆಯಲ್ಲ.”

ಅಮೆರಿಕ ದೇಶದಲ್ಲಿ ಒಬ್ಬ ಬಾಕ್ಸರ್ ಇದ್ದ. ಅವನನ್ನು ತಿದ್ದಿ ತೀಡಿದವನು ಒಬ್ಬ ಮುದುಕ. ಆ ಆಟದಲ್ಲಿ ಒಂದು ಪದ್ಧತಿ ಇದೆ. ಪ್ರತಿ ಸುತ್ತು ಮುಗಿದಾಗ ಬಾಕ್ಸರ್ ತನ್ನ ಮೂಲೆಗೆ ಬಂದು ಕೂರುತ್ತಾನೆ. ಅಲ್ಲಿ ಅವನ ಕಡೆಯವನೊಬ್ಬ ನೀರು ಕೊಟ್ಟು ರಕ್ತ ಒರೆಸುತ್ತಾನೆ. ಆ ಒರೆಸುವವನ ಹೆಗಲ ಮೇಲೆ ಒಂದು ಬಿಳಿ ಟವೆಲ್ ಇರುತ್ತದೆ. ಅದನ್ನು ಕಣದೊಳಗೆ ಎಸೆದರೆ ಆಟ ನಿಂತಿತು, ಸೋಲು ಒಪ್ಪಿದ ಹಾಗೆ. ಹೊಡೆತ ತಿನ್ನುವವನಿಗೆ ‘ಸಾಕು’ ಎನ್ನಲು ಬಾಯಿ ಬರುವುದಿಲ್ಲ, ಮಾನ ಅಡ್ಡ ಬರುತ್ತದೆ. ಅದಕ್ಕೇ ಆ ಮಾತನ್ನು ಇನ್ನೊಬ್ಬನ ಹೆಗಲಿಗೆ ಹಾಕಿದ್ದಾರೆ. ಯಾರು ಮಾಡಿದರೋ, ಬುದ್ಧಿವಂತರು.

ಒಂದು ದಿನ ಎಂಟನೆಯ ಸುತ್ತಿನಲ್ಲಿ ಬಾಕ್ಸರನ ಒಂದು ಕಣ್ಣು ಮುಚ್ಚಿಹೋಯಿತು. ಮುದುಕ ಟವೆಲ್ ಎಸೆದ. ಜನ ಕೂಗಿ ಛೀಮಾರಿ ಹಾಕಿದರು.

“ಇನ್ನೊಂದು ಸುತ್ತು ಬಿಟ್ಟಿದ್ದರೆ ಗೆಲ್ಲುತ್ತಿದ್ದೆ,” ಎಂದ ಬಾಕ್ಸರ್.

“ಗೆಲ್ಲುತ್ತಿದ್ದೆ ಕಣಪ್ಪ. ಗೆದ್ದೆ ಅಂತ ನಿನಗೆ ಗೊತ್ತಾಗುತ್ತಿರಲಿಲ್ಲ,” ಎಂದ ಮುದುಕ.

ಬಾಕ್ಸರ್ ಅವನನ್ನು ಅವತ್ತೇ ಮನೆಗೆ ಕಳಿಸಿದ. ಅವನ ಜಾಗಕ್ಕೆ ಮೂವರು ಬಂದರು. ಮೂವರ ಅಂಗಿಯ ಬೆನ್ನಿನ ಮೇಲೂ ಬಾಕ್ಸರನ ಹೆಸರೇ. ಹೂಂ ಎಂದರೆ ಹೂಂ, ಊಹೂಂ ಎಂದರೆ ಊಹೂಂ. “ನನ್ನ ಮೂಲೆಗೆ ಟವೆಲ್ ತರಕೂಡದು. ರಕ್ತವನ್ನು ಸ್ಪಂಜಿನಲ್ಲಿ ಒರೆಸಿ,” ಎಂದು ಅವರಿಗೆ ಅಪ್ಪಣೆಯಾಯಿತು.

ಈ ಮಾತು ಪತ್ರಿಕೆಗಳಿಗೆ ಸಿಕ್ಕಿತು. ಜನಕ್ಕೆ ಹುಚ್ಚು ಹಿಡಿಯಿತು. ಅವನ ಆಟಕ್ಕೆ ಬರುವವರೆಲ್ಲ ಮನೆಯಿಂದ ಬಿಳಿ ಟವೆಲ್ ತರತೊಡಗಿದರು. ಅವನು ಕಣಕ್ಕೆ ಇಳಿದಾಗ ಅದನ್ನು ಎತ್ತಿ ಹಿಡಿದು ಪರ್ರನೆ ಹರಿಯುವರು. ಆ ಸದ್ದು ಕೇಳಿ ಅವನಿಗೆ ಮೈಯುಬ್ಬುತ್ತಿತ್ತು. ಆರು ವರ್ಷ ಗೆದ್ದ. ಸುಳ್ಳು ಹೇಳಬಾರದು, ಚೆನ್ನಾಗಿಯೇ ಗೆದ್ದ.

ಏಳನೆಯ ವರ್ಷ ಅವನಿಗಿಂತ ಹದಿನೈದು ವರ್ಷ ಚಿಕ್ಕವನೊಬ್ಬ ಎದುರು ನಿಂತ. ಐದನೆಯ ಸುತ್ತಿಗೆ ಬಾಕ್ಸರನ ಕಾಲು ಮಾತು ಕೇಳಲಿಲ್ಲ. ಒಂಬತ್ತನೆಯ ಸುತ್ತು ಮುಗಿದು ಮೂಲೆಗೆ ಬಂದಾಗ ಆ ಮೂವರ ಮುಖ ನೋಡಲಿಲ್ಲ, ಹೆಗಲು ನೋಡಿದ. ಒಂದೊಂದಾಗಿ ಮೂವರ ಹೆಗಲನ್ನೂ ನೋಡಿದ. ಏನೋ ಬೇಕೆಂಬಂತೆ ಕೈ ಚಾಚಿದ. ಒಬ್ಬ ಆ ಕೈಗೆ ನೀರಿನ ಬಾಟಲಿ ಇಟ್ಟ. ತೀರ್ಪುಗಾರ ಬಂದು ಕಣ್ಣು ಪರೀಕ್ಷಿಸಿದ. ಇಂಥವನ ಆಟ ನಿಲ್ಲಿಸಿದರೆ ಜನ ತನ್ನನ್ನು ಬಿಟ್ಟಾರೆಯೇ ಎಂದು ಹೆದರಿ ಹಿಂದೆ ಸರಿದ. ಗಂಟೆ ಹೊಡೆಯಿತು.

ಬಾಕ್ಸರ್ ಎದ್ದು ನಿಂತದ್ದೇ ತಡ, ಜನ ಟವೆಲ್ ಹರಿದರು. ಅಂದು ಆ ಮೈದಾನದಲ್ಲಿ ಹತ್ತು ಸಾವಿರ ಟವೆಲ್ ಇದ್ದವು. ಅವನ ಮೂಲೆಯಲ್ಲಿ ಒಂದೂ ಇರಲಿಲ್ಲ.

ಅವನು ಸಾಯಲಿಲ್ಲ. ಸತ್ತಿದ್ದರೆ ಚೆನ್ನಾಗಿತ್ತು ಎಂದು ನನ್ನ ಬಾಯಲ್ಲಿ ಬರಬಾರದು, ಬರುತ್ತದೆ. ಈಗ ಚಮಚ ಹಿಡಿಯಲಾರ, ತನ್ನ ಹೆಸರು ಹೇಳಲಾರ. ಆ ಮುದುಕನೇ ದಿನಾ ಬಂದು ಗಂಜಿ ಕುಡಿಸುತ್ತಾನೆ, ಟವೆಲಿನಲ್ಲಿ ಬಾಯಿ ಒರೆಸುತ್ತಾನೆ. ಬಾಕ್ಸರ್ ಮುದುಕನ ಗುರುತು ಹಿಡಿಯುವುದಿಲ್ಲ. ಟವೆಲಿನ ಗುರುತು ಹಿಡಿಯುತ್ತಾನೆ. ಅದನ್ನು ಕಿತ್ತುಕೊಂಡು ನೆಲಕ್ಕೆ ಎಸೆಯುತ್ತಾನೆ. ಮುದುಕ ಎತ್ತಿ ಕೊಟ್ಟರೆ ಮತ್ತೆ ಎಸೆಯುತ್ತಾನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಗುರುಗಳು ಕತೆ ನಿಲ್ಲಿಸಿದರು.

ಮುರಿಗೆಯ್ಯ ಕೇಳಿದ: “ಆ ಮೂವರಲ್ಲಿ ಒಬ್ಬನಿಗಾದರೂ ಅವನ ಮೇಲೆ ಪ್ರೀತಿ ಇರಲಿಲ್ಲವೇ?”

“ಮೂವರಿಗೂ ಇತ್ತು. ಮೂವರೂ ಬಿಕ್ಕಿ ಬಿಕ್ಕಿ ಅತ್ತರಂತೆ,” ಎಂದರು ಗುರುಗಳು.

ಮುರಿಗೆಯ್ಯ ಎದ್ದು ಗಂಟಿಗೆ ಕೈ ಹಾಕಿದ. ಎತ್ತಿಕೊಳ್ಳುವುದೋ ಬಿಡುವುದೋ ಅವನಿಗೆ ತಿಳಿಯಲಿಲ್ಲ.

“ಆ ಊರಿನವರು ನಿನಗೆ ಪೀಠ ಹಾಕಿದ್ದಾರೆ ಸರಿ, ನಿನಗೆ ‘ಸಾಕು’ ಎನ್ನುವವನಿಗೆ ಅಲ್ಲಿ ಒಂದು ಚಾಪೆ ಹಾಕಿದ್ದಾರೆಯೇ?”